ಹೊಳೆಗೆ ಹೊಸ ನೇಮಕಾತಿ

ಹೋದ ತಿಂಗಳು ನಮ್ಮ ಬಡಾವಣೆ ಹಿಂದೆ ಶಾಮಿಯಾನ ಎದ್ದಿತು. ಮದುವೆ ಇರಬೇಕು ಅಂದುಕೊಂಡೆ. ಆದರೆ ಮೋರಿ ಪಕ್ಕ ಯಾರು ಮದುವೆ ಮಾಡ್ತಾರೆ? ವಿಚಾರಿಸಿದೆ. ಅದು ಮೋರಿ ಅಲ್ಲವಂತೆ, ವೃಷಭಾವತಿ ನದಿಯಂತೆ. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದವಳು ಎಂದು ಹೇಳುವ ಈ ಹೊಳೆಗೆ ನದಿ ಅನ್ನೋ ಮರ್ಯಾದೆ ಸಿಗುವುದು ಭಾಷಣದ ದಿನ ಮಾತ್ರ.

ಅವತ್ತಿನ ಕಾರ್ಯಕ್ರಮ, ಸೂಕ್ಷ್ಮಜೀವಿಗಳನ್ನು ನೀರಿಗೆ ಬಿಡುವುದು. ಮಣ್ಣು, ತೌಡು, ಬೆಲ್ಲ ಕಲಸಿ, ಬ್ಯಾಕ್ಟೀರಿಯಾ ಬೆರೆಸಿ, ಟೆನಿಸ್ ಚೆಂಡಿನಷ್ಟು ದಪ್ಪ ಉಂಡೆ ಕಟ್ಟಿದ್ದರು. ಸ್ಟೀಲ್ ಬೇಸಿನ್ನಿನಲ್ಲಿ ಜೋಡಿಸಿ ಮೇಲೊಂದು ಸೇವಂತಿಗೆ ಇಟ್ಟಿದ್ದರು. ನಮ್ಮ ಬೀದಿಯ ಅಜ್ಜಿಯೊಬ್ಬರು ತಂಬಿಟ್ಟು ಅಂದುಕೊಂಡು ಕೈ ಚಾಚಿಯೂ ಬಿಟ್ಟಿದ್ದರು. ಉಂಡೆಯೊಳಗಿನ ಜೀವಿಗಳು ಹೊರಬಂದು ಕೊಳೆಯನ್ನೆಲ್ಲ ತಿಂದು ಹಾಕುತ್ತವೆ ಎಂದು ಮೈಕಿನಲ್ಲಿ ಹೇಳುತ್ತಿದ್ದರು.

ಮುಖ್ಯ ಅತಿಥಿ ಬರ್ತಾರೆ ಅಂತ ಬೆಳಗ್ಗೆಯೇ ದಡದುದ್ದಕ್ಕೂ ಬ್ಲೀಚಿಂಗ್ ಪೌಡರ್ ಎಳೆ ಬಿಟ್ಟಿದ್ದರು. ಗಾಳಿ ಬೀಸಿತು, ಅರ್ಧ ಪುಡಿ ನೀರಿಗೇ ಹೋಯಿತು. ಆ ಪುಡಿ ಇರುವುದೇ ಬ್ಯಾಕ್ಟೀರಿಯಾ ಸಾಯಿಸಲು. ಒಂಬತ್ತಕ್ಕೆ ಸಾಯಿಸುವ ಪುಡಿ, ಹನ್ನೊಂದಕ್ಕೆ ಬದುಕಿರುವ ಉಂಡೆ. ಬಿಲ್ಲು ಮಾತ್ರ ಎರಡಕ್ಕೂ ಆಗಿರುತ್ತದೆ.

ಅಲ್ಲಾ ಸ್ವಾಮಿ, ವೃಷಭಾವತಿಯಲ್ಲಿ ಬ್ಯಾಕ್ಟೀರಿಯಾಗೆ ಬರವೇ? ರಜೆ ಇಲ್ಲ, ಸಂಬಳ ಇಲ್ಲ, ಹಗಲೂ ರಾತ್ರಿ ನಮ್ಮ ಗಲೀಜು ತಿನ್ನುತ್ತಾ ಬಂದಿವೆ ಪಾಪ. ಅವುಗಳ ಕಷ್ಟ ಉಸಿರಿನದು. ಒಂದು ಲೀಟರ್ ಒಳ್ಳೆ ನೀರಿನಲ್ಲಿ ಕರಗಿರುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ನಮ್ಮ ಮನೆಗಳಿಂದ ಬರುವ ಒಂದು ಲೀಟರ್ ಕೊಚ್ಚೆ ಕರಗಿಸಲು ಅವಕ್ಕೆ 200 ಮಿಲಿಗ್ರಾಂನಷ್ಟು ಬೇಕು. ಈ ಬೇಡಿಕೆಗೇ ಬಿಓಡಿ ಅನ್ನುವುದು. ಇಳಿದು ಸ್ನಾನ ಮಾಡುವಂಥ ಹೊಳೆಯ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. 8 ಎಲೆಗೆ ಅಡುಗೆ ಮಾಡಿಸಿ 200 ಜನರನ್ನು ಪಂಕ್ತಿಗೆ ಕೂರಿಸಿದ ಕಥೆ ಇದು. ಅಂಥ ಪಂಕ್ತಿಗೆ ಇನ್ನಷ್ಟು ಜನರನ್ನು ಕರೆದಿದ್ದಾರೆ. ಸಾಲದ್ದಕ್ಕೆ ಉಂಡೆಯಲ್ಲಿರುವ ಬೆಲ್ಲ, ತೌಡೂ ಕೊಳೆಯುವ ಪದಾರ್ಥವೇ.

ಆಮ್ಲಜನಕ ಮುಗಿದ ಮೇಲೆ ಎರಡನೇ ಪಾಳಿಯವು ಬರುತ್ತವೆ. ಇವಕ್ಕೆ ಗಾಳಿ ಬೇಡ, ನೀರಿನಲ್ಲಿರುವ ಸಲ್ಫೇಟ್ ಸಾಕು. ಇವು ಬಿಡುವ ಹೈಡ್ರೋಜನ್ ಸಲ್ಫೈಡಿಗೇ ಕೊಳೆತ ಮೊಟ್ಟೆಯ ವಾಸನೆ. ಮೈಸೂರು ರಸ್ತೆಯ ಬಸ್ಸಿನಲ್ಲಿ ನಿದ್ದೆ ಹೋದವರಿಗೂ ನಾಯಂಡಹಳ್ಳಿ ಬಂತು ಅಂತ ಗೊತ್ತಾಗುವುದು ಇವುಗಳ ದಯೆಯಿಂದ. ಕಂಡಕ್ಟರ್ ಕೂಗಬೇಕಾಗಿಲ್ಲ.

ಕೋಲಿಫಾರ್ಮ್ ಅಂತ ಇನ್ನೊಂದು ಗುಂಪಿದೆ. ಅದರದ್ದು ಚಾಡಿ ಹೇಳುವ ಕೆಲಸ. ಇಲ್ಲಿ ಕಕ್ಕಸಿನ ನೀರು ಸೇರಿದೆ ನೋಡಿ ಅನ್ನುತ್ತದೆ. ನಾವು ಕಕ್ಕಸಿನ ಪೈಪು ಬಿಟ್ಟು ಚಾಡಿಕೋರನ ಮೇಲೆ ಪುಡಿ ಎರಚುತ್ತೇವೆ.

ಹಾಗಂತ ಬೆಂಗಳೂರಿನವರು ಸಾಲ ಇಟ್ಟುಕೊಳ್ಳುವ ಜನ ಅಲ್ಲ. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಕಾವೇರಿ ತರುತ್ತೇವೆ. ಬಳಸಿದ್ದರಲ್ಲಿ ಒಂದು ಪಾಲು ವೃಷಭಾವತಿಗೆ ಹೋಗುತ್ತದೆ. ಅದು ಬಿಡದಿ ಹತ್ತಿರದ ಬೈರಮಂಗಲ ಕೆರೆ ಹಾದು, ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೇ ವಾಪಸ್. ಬಡ್ಡಿ ಸಮೇತ.

ಅತಿಥಿಗೆ ಪೇಟ ಇಟ್ಟರು, ಶಾಲು ಹೊದೆಸಿದರು, ಕೈಗೆ ಗ್ಲೌಸು ಹಾಕಿದರು. ಎದುರು ದಡದಲ್ಲಿ ಒಂದಾಳು ನುಗ್ಗುವಷ್ಟು ಅಗಲದ ಸಿಮೆಂಟ್ ಪೈಪಿನಿಂದ ಕಪ್ಪು ನೀರು ದಬದಬ ಬೀಳುತ್ತಿತ್ತು. ಅದರ ಸದ್ದಿಗೆ ಪ್ರಾರ್ಥನೆ ಕೇಳಿಸಲಿಲ್ಲ. ‘ಆ ಪೈಪು?’ ಅಂದೆ, ಪಕ್ಕದಲ್ಲಿದ್ದ ಅಧಿಕಾರಿಗೆ. ‘ಅದು ನಮ್ಮ ಇಲಾಖೆಗೆ ಬರಲ್ಲ ಸಾರ್’ ಅಂದರು. ಮೈಕಿನ ವಾಲ್ಯೂಮ್ ಜಾಸ್ತಿ ಮಾಡಿಸಿದರು.

ಉಂಡೆ ಎಸೆದರು. ಚಪ್ಪಾಳೆ. ‘ಫೋಟೋ ಸರಿ ಬಂದಿಲ್ಲ, ಇನ್ನೊಂದ್ಸಲ ಸಾರ್’ ಅಂದ ಫೋಟೋದವನು. ಎರಡನೇ ಉಂಡೆ ತೇಲಿ ಬರುತ್ತಿದ್ದ ಥರ್ಮಾಕೋಲ್ ತುಂಡಿನ ಮೇಲೆ ಬಿತ್ತು. ಅಲ್ಲೇ ಕೂತು, ಒಂದು ಹನಿ ನೀರೂ ತಾಗದಂತೆ, ಬಿಡದಿ ಕಡೆಗೆ ಹೊರಟಿತು.