ಹಿಡಿದ ಟ್ರೌಟನ್ನು ಮತ್ತೆ ನೀರಿಗೆ ಬಿಡುವುದು ಸರಿಯೇ?

ಪರ: ಬಿಟ್ಟರೇ ಹೊಳೆಯಲ್ಲಿ ಮೀನು

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ 1974ರವರೆಗೆ ಒಂದು ಪದ್ಧತಿ ಇತ್ತು. ಸರ್ಕಾರವೇ ಟ್ರೌಟ್ ಎಂಬ ತಣ್ಣೀರಿನ ಮೀನನ್ನು ಸಾಕಿ, ಲಾರಿಯಲ್ಲಿ ತಂದು ಹೊಳೆಗೆ ಸುರಿಯುವುದು, ಜನ ಹಿಡಿದು ಹುರಿದು ತಿನ್ನುವುದು, ಮತ್ತೆ ಸುರಿಯುವುದು. ಮ್ಯಾಡಿಸನ್ ನದಿಯಲ್ಲಿ ಮೀನಿನ ಲೆಕ್ಕ ತೆಗೆದ ಜೀವವಿಜ್ಞಾನಿ ಡಿಕ್ ವಿನ್ಸೆಂಟ್‌ಗೆ ಕಂಡದ್ದು ಉಲ್ಟಾ ಚಿತ್ರ: ಸಾಕಿದ ಮೀನು ಸುರಿದ ಕಡೆ ಹೊಳೆಯದೇ ಆದ ಟ್ರೌಟ್ ಕಡಿಮೆ, ಸುರಿಯದ ಕಡೆ ಹೆಚ್ಚು. ಎಷ್ಟೇ ಕೂಗಾಟ ಎದ್ದರೂ ಸರ್ಕಾರ ಅಂಥ ಹೊಳೆಗಳಿಗೆ ಸುರಿಯುವುದನ್ನು ನಿಲ್ಲಿಸಿತು. ಇಂದು ಮ್ಯಾಡಿಸನ್‌ನಲ್ಲಿ ಸಿಗುವ ಟ್ರೌಟ್ ಅಲ್ಲೇ ಹುಟ್ಟಿ ಅಲ್ಲೇ ಬೆಳೆದದ್ದು. ತುಂಬಿಸುವವರು ಇಲ್ಲ ಎಂದ ಮೇಲೆ ಹಿಡಿದವರು ಬಿಡಬೇಕು. ಇದು ಕೂಡು-ಕಳೆ ಲೆಕ್ಕ, ವೇದಾಂತವಲ್ಲ.

ಫ್ಲೈ ಗಾಳ ನೋಡದವರಿಗೆ ಒಂದಿಷ್ಟು ಹೇಳಲೇಬೇಕು. ಇದರಲ್ಲಿ ಎರೆಹುಳು ಇಲ್ಲ. ಚಿಕ್ಕ ಕೊಕ್ಕೆಗೆ ಹುಂಜದ ಗರಿ, ಎಲ್ಕ್ ಜಿಂಕೆಯ ಕೂದಲು ಸುತ್ತಿ ನೀರಹುಳುವಿನ ಹಾಗೆ ಮಾಡಿದ್ದೇ ಫ್ಲೈ. ಅದಕ್ಕೆ ತೂಕವೇ ಇಲ್ಲ, ದಪ್ಪ ದಾರದ ಭಾರದಲ್ಲೇ ಅದನ್ನು ಬೀಸಿ ಒಯ್ಯಬೇಕು. ಬಂಡೆಯ ಹಿಂದಿನ ನಿಧಾನದ ನೀರಲ್ಲಿ ಟ್ರೌಟ್ ಹರಿವಿಗೆ ಮೂತಿ ಕೊಟ್ಟು ನಿಂತಿರುತ್ತದೆ. ಫ್ಲೈ ಅದಕ್ಕಿಂತ ಮೇಲ್ಗಡೆ ಬಿದ್ದು, ನೀರಿನ ಜೊತೆಗೇ ತೇಲಿ ಬರಬೇಕು. ನಡುವಿನ ಸೆಳವು ದಾರವನ್ನು ಎಳೆದು ಫ್ಲೈ ಚೂರು ಜಾರಿತೋ, ಮೀನು ಹತ್ತಿರ ಬಂದು, ನೋಡಿ, ಕೆಳಗಿಳಿದುಬಿಡುತ್ತದೆ. ಅದಕ್ಕೇ ಫ್ಲೈ ನೀರು ಮುಟ್ಟುತ್ತಿದ್ದಂತೆ ದಾರದ ನಡುಭಾಗವನ್ನು ಎತ್ತಿ ಮೇಲ್ಹರಿವಿನ ಕಡೆ ಮಗುಚಬೇಕು. ಇಷ್ಟು ಕೈಗೆ ಹತ್ತುವಷ್ಟರಲ್ಲಿ ಅರ್ಧ ಆಯುಷ್ಯ ಮುಗಿದಿರುತ್ತದೆ. ನನ್ನ ಹೆಂಡತಿಯ ಲೆಕ್ಕದಲ್ಲಿ ಮುಕ್ಕಾಲು.

ಎರೆಹುಳುವಾದರೆ ಮೀನು ನುಂಗಿಬಿಡುತ್ತದೆ, ಕೊಕ್ಕೆ ಒಳಗೆ ಹೋಗುತ್ತದೆ. ಅಂಥದ್ದನ್ನು ಬಿಟ್ಟರೂ ಬದುಕುವ ಭರವಸೆ ಕಡಿಮೆ. ಫ್ಲೈ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ತುಟಿಯಂಚಿಗೆ ಮಾತ್ರ. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದರೆ ಒಂದು ತಿರುವಿಗೆ ಕಳಚುತ್ತದೆ. ಕೈ ಒದ್ದೆಯಾಗಿರಬೇಕು, ಒಣ ಕೈಗೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ. ಬಲೆ ರಬ್ಬರಿನದಾಗಿರಬೇಕು. ಫೋಟೊಗೆಂದು ಮೀನನ್ನು ಎದೆಗೆ ಅಪ್ಪಿ ನಿಲ್ಲುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ. ಬೇಸಿಗೆಯಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮೊಂಟಾನಾದಲ್ಲಿ ಮಧ್ಯಾಹ್ನ ಎರಡರ ಮೇಲೆ ಗಾಳ ಹಾಕುವುದನ್ನೇ ನಿಷೇಧಿಸುವ ಕ್ರಮವಿದೆ. ಬೆಚ್ಚಗಾದ ನೀರಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ಸೋತ ಟ್ರೌಟ್ ಚೇತರಿಸಿಕೊಳ್ಳುವುದು ಕಷ್ಟ.

ಮೀನಿಗೆ ನೋವಾಗುವುದಿಲ್ಲವೇ ಎಂದು ಕೇಳುವವರಲ್ಲಿ ಹೆಚ್ಚಿನವರು ಊಟದ ತಟ್ಟೆಯ ಮೀನನ್ನು ಆ ಪ್ರಶ್ನೆ ಕೇಳಿದವರಲ್ಲ. ಮುಂದೆ ಹೋಗೋಣ.

ಎಲ್ಲ ಮೀನನ್ನೂ ಬಿಡಿ ಎನ್ನುತ್ತಿಲ್ಲ. ಯೆಲ್ಲೊಸ್ಟೋನ್ ಸರೋವರದಲ್ಲಿ 1994ರಲ್ಲಿ ಪತ್ತೆಯಾದ ಲೇಕ್ ಟ್ರೌಟ್, ಅಲ್ಲಿನ ಮೂಲದ ಕಟ್‌ಥ್ರೋಟ್ ಟ್ರೌಟನ್ನು ತಿಂದು ಬರಿದು ಮಾಡತೊಡಗಿತು. ಅಲ್ಲಿ ಕಟ್‌ಥ್ರೋಟ್ ಸಿಕ್ಕರೆ ಬಿಡಲೇಬೇಕು, ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು. ಬಿಡುವುದು ಹೊಳೆಗಾಗಿಯೇ ಹೊರತು ಪುಣ್ಯಕ್ಕಲ್ಲ. ನಮ್ಮ ಕಾವೇರಿಯಲ್ಲೂ ಭೀಮೇಶ್ವರಿ, ಗಾಳಿಬೋರೆ ಶಿಬಿರಗಳಲ್ಲಿ ಮಹಶೀರ್ ಹಿಡಿದು ಬಿಡುತ್ತಿದ್ದ ಕಾಲವಿತ್ತು. ಮಡುವಿಗೆ ಡೈನಮೈಟ್ ಎಸೆಯುವವರ ಮೇಲೆ ಕಣ್ಣಿಟ್ಟಿದ್ದವರಲ್ಲಿ ಆ ಗಾಳಗಾರರೂ ಅವರ ಗೈಡುಗಳೂ ಇದ್ದರು.

ವಿರೋಧ: ತಿನ್ನದಿದ್ದರೆ ಹಿಡಿಯುವುದೇಕೆ?

ಸಂಪಾದಕರು ‘ನೀವು ವಿರೋಧ ಬರೀರಿ’ ಎಂದರು, ಬರೆಯುತ್ತಿದ್ದೇನೆ. ಸೊಂಟದವರೆಗೆ ತಣ್ಣೀರಲ್ಲಿ ನಿಂತು ಯಾರಾದರೂ ಸುಖಪಟ್ಟರೆ ನನ್ನದೇನೂ ತಕರಾರಿಲ್ಲ.

ತಕರಾರು ಇರುವುದು ಸ್ವಿಟ್ಜರ್ಲೆಂಡಿನವರಿಗೆ. ಅಲ್ಲಿನ 2008ರ ಪ್ರಾಣಿ ಸಂರಕ್ಷಣಾ ನಿಯಮದಂತೆ, ಬಿಡುವ ಉದ್ದೇಶ ಇಟ್ಟುಕೊಂಡೇ ಮೀನು ಹಿಡಿಯುವಂತಿಲ್ಲ. ಆಲ್ಪ್ಸ್ ತೊರೆಗಳಲ್ಲಿ ಟ್ರೌಟೂ ಇದೆ, ಫ್ಲೈ ಬೀಸುವವರೂ ಇದ್ದಾರೆ. ಅಳತೆಗಿಂತ ಚಿಕ್ಕದು ಸಿಕ್ಕಿ ಬಿಟ್ಟರೆ ಅದು ಬೇರೆ ಮಾತು. ಎಡಿನ್‌ಬರೋದಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೈನ್‌ಬೋ ಟ್ರೌಟ್‌ನ ತುಟಿಗೆ ಆಮ್ಲ ಚುಚ್ಚಿ ನೋಡಿದ್ದನ್ನು 2003ರಲ್ಲಿ ಪ್ರಕಟಿಸಿದರು. ಮೀನು ಮೇವು ಮುಟ್ಟಲು ತಡಮಾಡಿತು, ತುಟಿಯನ್ನು ತೊಟ್ಟಿಯ ಜಲ್ಲಿಗೆ ಉಜ್ಜಿತು. ಪರ ಬರೆದವರು ‘ತುಟಿಯಂಚಿಗೆ ಮಾತ್ರ’ ಎಂದದ್ದು ಇದೇ ತುಟಿ.

ಇನ್ನು ಅವರು ಹೊಳೆಯದೇ ಮೀನು ಎಂದು ಕೊಂಡಾಡುವ ಮ್ಯಾಡಿಸನ್‌ನ ಬ್ರೌನ್ ಟ್ರೌಟ್ ಯುರೋಪಿನಿಂದ ತಂದು ಬಿಟ್ಟದ್ದು. ತಾವೇ ತಂದು, ತಾವೇ ಹಿಡಿದು, ತಾವೇ ಬಿಟ್ಟು, ಅದಕ್ಕೆ ಸಂರಕ್ಷಣೆ ಎಂಬ ಹೆಸರು ಬೇರೆ!

ನಮ್ಮ ತೀರ್ಥಹಳ್ಳಿ ಕಡೆ ಮುಂಗಾರು ಹಿಡಿದು ಹಳ್ಳ ಕೆಂಪಾಯಿತೆಂದರೆ ಹತ್ತುಮೀನಿನ ಕಾಲ. ಮೊಟ್ಟೆ ಇಡಲು ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತದೆ. (ಆಗ ಹಿಡಿಯಬಾರದು ಎಂದು ಈಗಿನವರು ಹೇಳುತ್ತಾರೆ. ಇರಬಹುದು.) ದೊಡ್ಡಪ್ಪ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಂಚಿನ ನೀರುಬಾಯಿಗೆ ಬಿದಿರಿನ ಕೂಣಿ ಒಡ್ಡುತ್ತಿದ್ದರು. ಒಂದು ಸಲ ಬೆಂಗಳೂರಿಂದ ಬಂದಿದ್ದ ನೆಂಟರ ಹುಡುಗ ಬೆಳಿಗ್ಗೆ ಬೇಗ ಎದ್ದು, ಕೂಣಿಯಲ್ಲಿದ್ದ ದೊಡ್ಡ ಮೀನಿನ ಫೋಟೊ ತೆಗೆದು, ಪಾಪ ಎನಿಸಿ ಮೇಲ್ಗಡೆಯ ನೀರಿಗೆ ಬಿಟ್ಟುಬಿಟ್ಟ. ಮೀನು ಸೀದಾ ಮೇಲಿನ ಗದ್ದೆಯವರ ಕೂಣಿಗೆ ಬಿದ್ದು ಅವರ ಮನೆಯ ಸಾರಾಯಿತು. ಇತ್ತ ದೊಡ್ಡಮ್ಮ ಮಸಾಲೆ ಅರೆದು ಕೂತಿದ್ದರು. ‘ಫೋಟೊನೇ ಹಾಕಿ ಕುದಿಸ್ಲೇನೋ ಮಾರಾಯ?’ ಎಂದು ಕೇಳಿ, ಮಧ್ಯಾಹ್ನ ಅವನಿಗೆ ಬರೀ ಮಸಾಲೆಯ ಸಾರು ಬಡಿಸಿದರು.