ಏಲಕ್ಕಿ ಹಾರದ ಮಾನ್ಯತೆ

ಶಿಕ್ಷಕರನ್ನು ತಯಾರಿಸುವ ಕಾಲೇಜುಗಳಿಗೆ ರಾಷ್ಟ್ರಮಟ್ಟದ ಮೌಲ್ಯಾಂಕನ ಬೇಕೆಂಬ ಮಾತು ಹೊಸದೇನಲ್ಲ. 1993ರ ಕಾಯ್ದೆಯಿಂದ ಹುಟ್ಟಿದ ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) ಕಾಲೇಜು ನಡೆಸಲು ಮಾನ್ಯತೆ ಕೊಡುತ್ತದೆ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ (ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಮಂಡಳಿ) ಗುಣಮಟ್ಟ ಅಳೆದು ಮುದ್ರೆ ಒತ್ತುತ್ತದೆ. ಕನ್ನಡದಲ್ಲಿ ಎರಡನ್ನೂ ‘ಮಾನ್ಯತೆ’ ಎಂದೇ ಕರೆಯುವುದರಿಂದ, ಮೊದಲನೆಯದು ಕೈಸೇರಿದ ಕೂಡಲೇ ಎರಡನೆಯದೂ ಬಂದಿತೆಂದು ನಮ್ಮ ಆಡಳಿತ ಮಂಡಳಿಗಳು ಬೋರ್ಡು ಬರೆಸಿಬಿಡುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಶಿಕ್ಷಕರ ಶಿಕ್ಷಣದ ಬಗ್ಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ವರ್ಮಾ ಆಯೋಗದ ಹೆಸರು ಹೇಳಿ, ದೇಶದಲ್ಲಿ ಬೇರೆ ಕೋರ್ಸುಗಳಿಲ್ಲದೆ ಒಂಟಿಯಾಗಿ ನಡೆಯುವ 10,000ಕ್ಕೂ ಮಿಕ್ಕ ಇಂಥ ಸಂಸ್ಥೆಗಳಲ್ಲಿ ಬಹುಪಾಲು ದುಡ್ಡಿಗೆ ಪದವಿ ಮಾರುತ್ತಿವೆ ಎಂದೇ ಅಚ್ಚು ಹಾಕಿಸಿತು. ದರಪಟ್ಟಿ ಹಾಕಿಸಲಿಲ್ಲವಲ್ಲ ಎಂದು ಮಾರುವವರು ಸಮಾಧಾನಪಟ್ಟರು.

ಗದಗ ಸೀಮೆಯ ಒಂದು ಬಿ.ಎಡ್. ಕಾಲೇಜಿಗೆ ನ್ಯಾಕ್ ತಪಾಸಣೆಯ ತಂಡ ಬಂದ ದಿನ ನಾನೂ ಅಲ್ಲಿದ್ದೆ. ಬಾಗಿಲಲ್ಲೇ ಹಾವೇರಿಯ ಏಲಕ್ಕಿ ಹಾರ, ಒಳಗೆ ಹೋದರೆ ಧಾರವಾಡ ಪೇಡೆ. ಧಾರವಾಡದ ಸಪ್ತಾಪುರದಲ್ಲಿ ಪಿಎಸ್‌ಐ ಪರೀಕ್ಷೆಗೆ ಕೋಚಿಂಗ್ ಪಡೆಯುತ್ತಿದ್ದ ಇದೇ ಕಾಲೇಜಿನ ಪ್ರಶಿಕ್ಷಣಾರ್ಥಿಗಳನ್ನು ನಸುಕಿನಲ್ಲೇ ಬಸ್ಸು ಮಾಡಿ ಕರೆತರಲಾಗಿತ್ತು. ಇಳಿದವರಲ್ಲಿ ಒಬ್ಬ ಹುಡುಗ, ಪಾಪ, ಕಾಲೇಜಿನ ಶೌಚಾಲಯ ಎಲ್ಲಿದೆಯೆಂದು ನನ್ನನ್ನೇ ಕೇಳಿದ. ಮೇಜಿನ ಮೇಲೆ ಖಾಕಿ ರಟ್ಟು ಹಾಕಿದ ಪಾಠ ಯೋಜನೆಯ ಪುಸ್ತಕಗಳು ಸಾಲಾಗಿದ್ದವು. ತಂಡದ ಹಿರಿಯರು ಒಂದನ್ನು ತೆರೆದರು: ಜಲಚಕ್ರದ ಪಾಠ, ಅದರಲ್ಲಿ ‘ಆವಿ’ ‘ಅವಿ’ಯಾಗಿತ್ತು. ಇನ್ನೊಂದನ್ನು ತೆರೆದರು, ಅಲ್ಲಿಯೂ ‘ಅವಿ’. ಹನ್ನೊಂದನೆಯ ಪುಸ್ತಕದವರೆಗೂ ನೀರು ‘ಅವಿ’ಯಾಗುತ್ತಲೇ ಇತ್ತು. “ಬೋಧನೆಯಲ್ಲಿ ಏಕರೂಪತೆ ಕಾಯ್ದುಕೊಂಡಿದ್ದೀರಿ” ಎಂದು ಅವರು ತಲೆದೂಗಿದರು.

ಮುಂದೆ ಹಾಜರಿ ಪುಸ್ತಕದ ಸರದಿ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ತರಗತಿಗೆ ಶೇಕಡಾ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇಕಡಾ 90 ಹಾಜರಾತಿ ಕಡ್ಡಾಯವಾಗಿರುವಾಗ, ಮಕ್ಕಳ ಮುಂದೆ ಒಮ್ಮೆಯೂ ಸೀಮೆಸುಣ್ಣ ಹಿಡಿದು ನಿಲ್ಲದವರ ಹೆಸರಿನೆದುರು ನೂರಕ್ಕೆ ನೂರು ತೋರಿಸುವುದು ಸಣ್ಣ ಸಾಧನೆಯಲ್ಲ, ಅದಕ್ಕೂ ಗುಮಾಸ್ತರಲ್ಲಿ ಒಂದು ವೃತ್ತಿಪರತೆ ಬೇಕಾಗುತ್ತದೆ. ಒಂದೇ ಪೆನ್ನು, ಒಂದೇ ಶಾಯಿ, ಒಂದೇ ಓಟ. ತಂಡದ ಕಿರಿಯ ಸದಸ್ಯರೊಬ್ಬರ ಬೆರಳು ಒಂದು ಕಾಲಮಿನ ಮೇಲೆ ನಿಂತಿತು.

“ಬಸವ ಜಯಂತಿ ದಿನಾನೂ ಐವತ್ತಕ್ಕೆ ಐವತ್ತು ಹಾಜರಿ ಅದಲ್ರೀ?”

ಪ್ರಾಚಾರ್ಯರು ಎದ್ದು ನಿಂತು ಕೈ ಜೋಡಿಸಿದರು.

“ಕಾಯಕವೇ ಕೈಲಾಸ ಅಂದಾರಲ್ರೀ ಸರ್, ಅವತ್ತ ರಜಾ ಹೆಂಗ ಕೊಡೂದು?”

ಹಿರಿಯರು ಅದನ್ನು ‘ಉತ್ತಮ ಪದ್ಧತಿಗಳು’ ಎಂಬ ಕಲಮಿನಲ್ಲಿ ಬರೆದುಕೊಂಡು ಇನ್ನೊಂದು ಪೇಡೆ ತೆಗೆದುಕೊಂಡರು.