ಸ್ಪಷ್ಟನೆ: ಉಪ್ಪು ತಿಂದರೆ ವಿಕಿರಣ ತಟ್ಟಲ್ವಾ?

‘ಕೈಗಾ ಅಣುಸ್ಥಾವರದಲ್ಲಿ ಏನಾದರೂ ಆದರೆ ಅಯೋಡಿನ್ ಉಪ್ಪು ಜಾಸ್ತಿ ತಿನ್ನಿ, ಟಿಂಚರ್ ಎರಡು ಹನಿ ಕುಡಿಯಿರಿ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಲೆಕ್ಕ ನೋಡಿ. ಅಣುಸ್ಥಾವರದ ಅಪಘಾತದಲ್ಲಿ ದೊಡ್ಡವರಿಗೆ ಕೊಡುವುದು 130 ಮಿಲಿಗ್ರಾಂ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ. ಅದರಲ್ಲಿರುವ ಅಯೋಡಿನ್ ಸುಮಾರು 100 ಮಿಲಿಗ್ರಾಂ. ನಮ್ಮ ಅಂಗಡಿ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕು ಅಂತ ನಿಯಮ. ಆ ಲೆಕ್ಕಕ್ಕೆ ಒಂದು ಮಾತ್ರೆಗೆ ಆರೂವರೆ ಕಿಲೋಗೂ ಹೆಚ್ಚು ಉಪ್ಪು! ವಿಕಿರಣಕ್ಕಿಂತ ಮೊದಲು ಉಪ್ಪೇ ಜೀವ ತೆಗೆಯುತ್ತದೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತದ ಸುದ್ದಿ ಕೇಳಿ ಚೀನಾದಲ್ಲಿ ಜನ ಉಪ್ಪಿಗೆ ಮುಗಿಬಿದ್ದಿದ್ದರು, ಸುಮ್ನೆ. ಟಿಂಚರ್ ಅಂತೂ ಗಾಯಕ್ಕೆ ಹಚ್ಚುವುದು, ಕುಡಿದರೆ ವಿಷ.

ಮಾತ್ರೆಯೂ ಸರ್ವರೋಗ ಮದ್ದಲ್ಲ. ಅದು ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಗೆ, ಅಪಘಾತದಲ್ಲಿ ಹೊರಬೀಳುವ ವಿಕಿರಣದ ಅಯೋಡಿನ್ ಸೇರದಂತೆ ತಡೆಯುತ್ತದೆ, ಅಷ್ಟೇ. ಸೀಸಿಯಂನಂಥ ಬೇರೆ ವಿಕಿರಣ ವಸ್ತುಗಳ ಮುಂದೆ ಅದರ ಆಟ ನಡೆಯಲ್ಲ. ಅಧಿಕಾರಿಗಳು ಹೇಳಿದ ಹೊತ್ತಿಗೇ ನುಂಗಬೇಕು.

ಸ್ಥಾವರದ ಬೇಲಿಯಾಚೆಗಿನ ತುರ್ತು ಯೋಜನೆ ಜಿಲ್ಲಾಡಳಿತದ ಹೊಣೆ. ಸೂಚನೆ ಬಂದರೆ ಮೊದಲು ಒಳಗೆ ಹೋಗಿ, ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ರೇಡಿಯೊ ಹಾಕಿ. ಬಾವಿಗೆ, ಊಟದ ಪಾತ್ರೆಗೆ ಮುಚ್ಚಳ ಹಾಕಿಡಿ.